ಅಜ್ಜಿಯೂ ಓಡಿಹೋದಳು

ಓಡಿಹೋಗುವವರಿಗೆ ನಾನು ಒಂದೇ ಒಂದು ಬುದ್ಧಿಮಾತು ಹೇಳಬಲ್ಲೆ. ಸರ್ಕಾರಿ ಬಸ್ಸಿನಲ್ಲಿ ಓಡಿಹೋಗಬೇಡಿ. ಹೋದರೂ ಹುಡುಗಿ ಪುಕ್ಕಟೆ ಟಿಕೆಟ್ ಕೇಳಬಾರದು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ನಮ್ಮ ಕಡೆ ಯಾವ ಹೆಣ್ಣುಮಗಳೂ ಕಾಸು ಬಿಚ್ಚುವುದಿಲ್ಲ, ಬಿಚ್ಚಬೇಕಾಗಿಯೂ ಇಲ್ಲ. ಆದರೆ ಉಚಿತ ಟಿಕೆಟ್ ಬೇಕೆಂದರೆ ಆಧಾರ್ ಕಾರ್ಡ್ ತೋರಿಸಬೇಕು. ಅದರ ಮೇಲೆ ಹೆಸರು, ಫೋಟೋ, ಹುಟ್ಟಿದ ತಾರೀಖು ಎಲ್ಲ ಇರುತ್ತದೆ. ಮನೆಯವರ ಕಣ್ಣು ತಪ್ಪಿಸಿ, ಹಿತ್ತಲ ಗೋಡೆ ಹಾರಿ, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಬಂದವಳು ಬಸ್ ಚಾರ್ಜು ಉಳಿಸುವುದಕ್ಕೋಸ್ಕರ ತನ್ನ ಜಾತಕವನ್ನೇ ಕಂಡಕ್ಟರ್ ಕೈಗೆ ಕೊಟ್ಟರೆ ಏನು ಹೇಳೋಣ! ಇಂಥದ್ದು ನಮ್ಮ ಹೊಳೆನರಸೀಪುರದ ಹುಡುಗಿಯಿಂದ ಮಾತ್ರ ಸಾಧ್ಯ.

ನನ್ನ ಹೆಸರು ನೀಲಾಂಬಿಕೆ. ಹೊಳೆನರಸೀಪುರದಿಂದ ಚನ್ನರಾಯಪಟ್ಟಣದ ಮೇಲೆ ಹಿರೀಸಾವೆಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್. ನನಗೆ ಸಿಟ್ಟು ಜಾಸ್ತಿ ಎಂದು ಡಿಪೋದಲ್ಲೆಲ್ಲ ಹೆಸರಿದೆ. ಹಾಗೆ ಹೇಳುವವರು ಸಂತೆಯ ದಿನ ನನ್ನ ಬಸ್ಸಿನಲ್ಲಿ ಒಂದು ಟ್ರಿಪ್ಪು ಟಿಕೆಟ್ ಕೊಟ್ಟು ತೋರಿಸಲಿ, ಆಮೇಲೆ ಮಾತಾಡೋಣ. ಡ್ರೈವರ್ ಚಂದ್ರಮೌಳಿಗೆ ಸಿಟ್ಟೇ ಇಲ್ಲ. ಬಾಯಲ್ಲಿ ಆಡಬೇಕಾದ್ದನ್ನೆಲ್ಲ ಅವನು ಹಾರನ್ನಿನಲ್ಲಿ ಆಡಿ ಮುಗಿಸುತ್ತಾನೆ.

ಆವತ್ತು ಶುಕ್ರವಾರ. ಬಸ್ಸು ಸ್ಟ್ಯಾಂಡ್ ಬಿಟ್ಟಾಗ ಮೂರು ಜನರ ಸೀಟಿನಲ್ಲಿ ಮೂವರು ಕೂತಿದ್ದರು. ಕಿಟಕಿಯ ಪಕ್ಕ ದುಪಟ್ಟಾ ಸುತ್ತಿಕೊಂಡ ಹುಡುಗಿ. ಈ ತುದಿಯಲ್ಲಿ ಇಸ್ತ್ರಿ ಶರ್ಟಿನ, ತಲೆಗೆ ಎಣ್ಣೆ ಸುರಿದುಕೊಂಡ ಹುಡುಗ. ಇಬ್ಬರ ಮಧ್ಯೆ ಒಬ್ಬಳು ಅಜ್ಜಿ, ಮಡಿಲಲ್ಲಿ ದೊಡ್ಡ ಬ್ಯಾಗು ಇಟ್ಟುಕೊಂಡು, ಎರಡು ಮೊಣಕೈಗಳನ್ನೂ ಅಗಲಿಸಿ, ಗದ್ದೆಗೆ ಬದು ಹಾಕಿದ ಹಾಗೆ ಗಟ್ಟಿಯಾಗಿ ಕೂತಿದ್ದಳು. ಹುಡುಗಿ ಆಧಾರ್ ಕಾರ್ಡ್ ಮುಂದೆ ಹಿಡಿದಳು. ಓದದೆ ಇರುವುದು ನನ್ನ ಜಾಯಮಾನದಲ್ಲೇ ಇಲ್ಲ.

"ಯಶಸ್ವಿನಿ. ಓಹೋ, ಬರೋ ಸೋಮವಾರ ಹದಿನೆಂಟು ತುಂಬುತ್ತೆ! ಈಗಲೇ ಹ್ಯಾಪಿ ಬರ್ತ್‌ಡೇ ಹೇಳಿಬಿಡ್ಲಾ?" ಎಂದೆ.

ಹುಡುಗಿ ದುಪಟ್ಟಾವನ್ನು ಇನ್ನಷ್ಟು ಬಿಗಿದುಕೊಂಡಳು.

"ಎಲ್ಲಿಗೆ?"

"ಹಿರೀಸಾವೆ. ಮದ್ವೆಗೆ," ಎಂದ ಹುಡುಗ. ಅವನ ದನಿ ಅರ್ಧ ದಾರಿಯಲ್ಲೇ ಒಡೆಯಿತು.

"ಯಾರ ಮದ್ವೆ?"

ಹುಡುಗ ಹುಡುಗಿಯ ಮುಖ ನೋಡಲು ಬಗ್ಗಿದ. ಅಜ್ಜಿಯ ಮೊಣಕೈ ಅಡ್ಡ ಬಂತು. "ಇವರ್ದೇ ಕಣವ್ವ. ನಾವು ಓಡೋಯ್ತಾ ಇವಿ," ಎಂದಳು ಅಜ್ಜಿ, ಇಡೀ ಬಸ್ಸಿಗೆ ಕೇಳುವ ಹಾಗೆ.

"ಅಜ್ಜೀ!" ಇಬ್ಬರೂ ಒಟ್ಟಿಗೆ ಕಿರುಚಿದರು.

"ಏನು ಅಜ್ಜಿ? ಈ ವಯಸ್ಸಲ್ಲಿ ಸುಳ್ಳೇಳ್ಲಾ ನಾನು?"

ಅಜ್ಜಿಯ ಹೆಸರು ಹೊನ್ನಕ್ಕ. ಹುಡುಗ ಮನೋಹರ, ಅವಳ ಮಗ ಬೈರಯ್ಯನ ಮಗ, ಹತ್ತೊಂಬತ್ತು ವರ್ಷ, ಐಟಿಐ ಓದುತ್ತಿದ್ದಾನೆ. ಇವರು ದಲಿತರ ಕೇರಿಯವರು. ಹುಡುಗಿ ಲಿಂಗಾಯತರ ಮನೆಯವಳು, ಕೊಬ್ಬರಿ ಮಂಡಿ ಪರಮೇಶನ ಮಗಳು. ಇಷ್ಟನ್ನೂ ಹೊನ್ನಕ್ಕ ನಾನು ಕೇಳುವ ಮೊದಲೇ ಹೇಳಿ ಮುಗಿಸಿದಳು. ಹುಡುಗ ಹುಡುಗಿ ಸೀಟಿನಲ್ಲೇ ಕುಗ್ಗಿ ಕುಗ್ಗಿ ಅರ್ಧವಾದರು.

"ಬೆಳಿಗ್ಗೆ ಎದ್ದು ನೋಡ್ತೀನಿ, ಈ ಬಡ್ಡೈದ ಯುಗಾದಿಗೆ ತಂದ ಸರ್ಟು ಆಕ್ಕಂಡು ಶೂ ಒರೆಸ್ತಾ ಕುಂತವ್ನೆ. ಕಾಲೇಜಿಗೆ ಓಗೋನು ತಲೆಗೆ ಇಷ್ಟು ಎಣ್ಣೆ ಯಾಕವ್ವಾ ಅಚ್ಕತಾನೆ? ಬಾಯಿ ಬುಡಿಸ್ದೆ. ಬಯ್ದೆ, ಅತ್ತೆ, ಬಾಗ್ಲಿಗೆ ಅಡ್ಡ ನಿಂತೆ. ಕೇಳ್ನಿಲ್ಲ. ಅಂಗಾರೆ ನಾನೂ ಓಡೋಯ್ತೀನಿ ನಡಿ ಅಂದ್ಬುಟ್ಟೆ."

"ನೀವ್ಯಾಕಜ್ಜಿ?"

"ಮತ್ತೆ? ಅಂಗನವಾಡೀಗೆ ಲಾಯರಮ್ಮ ಬಂದು ಏಳ್ಲಿಲ್ವಾ? ಹದಿನೆಂಟು ತುಂಬೋಗಂಟ ಹುಡ್ಗಿ ಹೂಂ ಅಂದ್ರೂ ಅದು ಹೂಂ ಅಲ್ವಂತೆ. ಹುಡುಗನ್ನ ಒಳಕ್ಕಾಕ್ತಾರಂತೆ. ಅದ್ಕೇ ನಾನು ನಡುಮಧ್ಯೆ ಕುಂತಿವ್ನಿ. ಒಂದು ಚಣನೂ ಇವರಿಬ್ಬರನ್ನೇ ಬುಟ್ಟಿಲ್ಲ ಕಣವ್ವ. ಯಾರು ಬಂದ್ರೂ ನಾನೇ ಕರ್ಕಂಬಂದೆ ಅಂತೀನಿ. ನನ್ನ ಒಳಕ್ಕಾಕಿ ಏನು ಮಾಡಾರು? ಒತ್ತೊತ್ತಿಗೆ ಮುದ್ದೆ ಇಕ್ತಾರೆ ಅಷ್ಟೇ."

ಹಿಂದಿನ ಸೀಟಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ತಡೆಯಲಿಲ್ಲ. ಆದರೆ ನಗುವಿನ ಬೆನ್ನಿಗೇ ಸಿಟ್ಟು ಬಂತು, ಯಾಕೆಂದರೆ ಈ ಕಥೆಯ ಉಳಿದರ್ಧ ನಮ್ಮ ಮನೆಯಲ್ಲೇ ಆಗಿದೆ. ಸಾಲಗಾಮೆಯಲ್ಲಿರುವ ನಮ್ಮಕ್ಕನ ಮಗ ಪ್ರಭುಲಿಂಗ ಹೀಗೇ ಒಬ್ಬಳ ಜೊತೆ ಹೊರಟಿದ್ದ. ಅವಳಿಗೂ ಹದಿನೇಳು. ಹುಡುಗಿ ಕೋರ್ಟಿನಲ್ಲಿ ನಿಂತು, ನಾನೇ ಇಷ್ಟಪಟ್ಟು ಬಂದೆ ಅಂತ ಅತ್ತಳು. ಅವಳ ಅಳುವನ್ನು ಯಾರೂ ಬರೆದುಕೊಳ್ಳಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಸನದ ಜೈಲಿನಲ್ಲಿದ್ದು ಬಂದ ಹುಡುಗ ಈಗ ಯಾರಾದರೂ ಬಾಗಿಲು ಬಡಿದರೆ ಅಡುಗೆಮನೆಗೆ ಹೋಗಿ ನಿಲ್ಲುತ್ತಾನೆ. ಕಾನೂನು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಚಿಕ್ಕ ಮಕ್ಕಳ ಮೈಮೇಲೆ ಕೈ ಹಾಕುವ ಪಾಪಿಗಳಿಗೆ ಅದು ಬೇಕೇ ಬೇಕು. ಆದರೆ ಆ ಬಲೆ ಬೀಸಿದಾಗ ಇಂಥ ಎಣ್ಣೆತಲೆಯ ಹುಡುಗರೂ ಅದರೊಳಕ್ಕೆ ಬೀಳುತ್ತಾರೆ.

ಇದನ್ನೆಲ್ಲ ಅವರಿಗೆ ಹೇಳಿದೆ. "ಹದಿನೆಂಟು ತುಂಬದ ಹುಡುಗೀನ ಅವರಪ್ಪನ ಮನೆಯಿಂದ ಕರ್ಕೊಂಡು ಹೊರಟ್ರೆ ಅಪಹರಣ. ತಾಳಿ ಕಟ್ಟಿದ್ರೆ ಬಾಲ್ಯವಿವಾಹ. ಅದರ ಮೇಲೆ ಪೋಕ್ಸೊ. ಗೊತ್ತೇನೋ ನಿನಗೆ?"

"ನಾವೇನೂ ತಪ್ಪು ಮಾಡಿಲ್ಲ ಮೇಡಂ," ಎಂದ ಮನೋಹರ.

"ಅದು ನನಗೆ ಗೊತ್ತು. ನಿಮ್ಮಜ್ಜಿ ಮೊಣಕೈ ನೋಡಿದ್ರೇ ಗೊತ್ತಾಗುತ್ತೆ. ಸ್ಟೇಷನ್ನಿಗೆ ಗೊತ್ತಾಗಲ್ಲ."

ಯಶಸ್ವಿನಿ ದುಪಟ್ಟಾ ಕಿತ್ತು ಎದ್ದು ನಿಂತಳು. "ಆದ್ರೆ ಕರ್ಕೊಂಡು ಬಂದಿದ್ದು ನಾನು ಮೇಡಂ! ಅವನು ಬೇಡ ಬೇಡ ಅಂದ. ನಾನೇ ಹಟ ಮಾಡಿ ಎಳ್ಕೊಂಡು ಬಂದೆ. ಹಂಗಾದ್ರೆ ನಾನು ಅವನನ್ನ ಅಪಹರಣ ಮಾಡ್ದಂಗಾಗ್ಲಿಲ್ವಾ?"

"ಅವನಿಗೆ ಹತ್ತೊಂಬತ್ತು. ಅವನನ್ನ ಯಾರು ಬೇಕಾದ್ರೂ ಹೊತ್ಕೊಂಡು ಹೋಗಬಹುದು, ಕೇಳೋರಿಲ್ಲ," ಎಂದೆ.

ಬಸ್ಸಿಗೆ ಬಸ್ಸೇ ನಕ್ಕಿತು. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಕರಿಬೇವಿನ ಮಂಕರಿ ಇಟ್ಟುಕೊಂಡು ಕೂತಿದ್ದ ನಂಜಮ್ಮ ತನಗೆ ಹದಿಮೂರಕ್ಕೆ ಮದುವೆಯಾಗಿತ್ತೆಂದೂ, ಆಗ ಯಾರೂ ತನ್ನನ್ನು ಹೂಂ ಅಂತಲೂ ಕೇಳಲಿಲ್ಲ, ಉಹೂಂ ಅಂತಲೂ ಕೇಳಲಿಲ್ಲವೆಂದೂ ಕೂಗಿ ಹೇಳಿದಳು. ಮುಂದಿನ ಸೀಟಿನಲ್ಲಿದ್ದ ರಿಟೈರ್ಡ್ ಮೇಷ್ಟ್ರು ಚಂದ್ರಯ್ಯನವರು ಕನ್ನಡಕ ಸರಿಮಾಡಿಕೊಂಡು ತಿರುಗಿದರು.

"ಹುಡುಗಿ ಹೂಂ ಅನ್ನೋದಕ್ಕೆ ಹದಿನಾರು ಅಲ್ಲವೇನಮ್ಮ? ನಾನು ಸರ್ವೀಸಿನಲ್ಲಿದ್ದಾಗ ಹದಿನಾರೇ ಇತ್ತು."

"ಅದು ನಿಮ್ಮ ಕಾಲದ್ದು ಮೇಷ್ಟ್ರೇ. ಎರಡು ಸಾವಿರದ ಹನ್ನೆರಡರಿಂದ ಹದಿನೆಂಟು."

"ಅಂದ್ರೆ ಸೋಮವಾರ ಆಗ್ಬೋದು!" ಎಂದಳು ನಂಜಮ್ಮ, ಸ್ವತಃ ತನ್ನ ಮದುವೆಯೇ ನಿಶ್ಚಯವಾದಷ್ಟು ಖುಷಿಯಿಂದ. "ಮೂರು ದಿನ ಎಲ್ಲಾರಾ ಕುಂತ್ಕಳ್ಳಿ. ಬೇಕಾರೆ ಬಸ್ಸಲ್ಲೇ ಕುಂತ್ಕಳ್ಳಿ."

"ಸೋಮವಾರ ಇವಳು ಆಗಬಹುದು, ಇವನು ಆಗೋಕಾಗಲ್ಲ," ಎಂದೆ ನಾನು. "ಮದುವೆಗೆ ಗಂಡಿಗೆ ಇಪ್ಪತ್ತೊಂದು ತುಂಬಬೇಕು."

ಚಂದ್ರಮೌಳಿ ಕನ್ನಡಿಯಲ್ಲಿ ನೋಡುತ್ತಾ ಒಂದು ಉದ್ದ ಹಾರನ್ ಹೊಡೆದ. ಮನೋಹರ ತಲೆ ಕೆರೆದುಕೊಂಡ. ಹಿರೀಸಾವೆಯ ಹೋಟೆಲಿನಲ್ಲಿ ಕೆಲಸಕ್ಕಿರುವ ಅವನ ಸ್ನೇಹಿತ ಕೀರ್ತಿರಾಜ್, ದೇವಸ್ಥಾನದಲ್ಲಿ ಹಾರ ಹಾಕಿಸಿಬಿಟ್ಟರೆ ಯಾರೂ ಏನೂ ಮಾಡೋಕಾಗಲ್ಲ ಅಂತ ಹೇಳಿದ್ದನಂತೆ. ಹಾರಕ್ಕೆ ಹೇಳಿ ಆಗಿದೆಯಂತೆ. ಹನ್ನೆರಡು ಜನಕ್ಕೆ ಒಬ್ಬಟ್ಟಿನ ಊಟಕ್ಕೂ ಹೇಳಿ ಆಗಿದೆಯಂತೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದರೆ ಇದೇ.

"ಒಬ್ಬಟ್ಟು ಮಾತ್ರ ವೇಸ್ಟಾಗ್ಬಾರ್ದು ಕಣ್ಲಾ," ಎಂದಳು ಹೊನ್ನಕ್ಕ.

ಎಲ್ಲರೂ ನಗುತ್ತಿದ್ದಾಗ ಯಶಸ್ವಿನಿ ಅಳುವುದಕ್ಕೆ ಶುರು ಮಾಡಿದಳು. ಭಾನುವಾರ ಅರಕಲಗೂಡಿನಿಂದ ಗಂಡಿನ ಕಡೆಯವರು ವೀಳ್ಯ ಬದಲಾಯಿಸುವುದಕ್ಕೆ ಬರುವವರಿದ್ದರು. ಹುಡುಗನಿಗೆ ಗೊಬ್ಬರದ ಅಂಗಡಿ, ಎರಡು ಮಹಡಿ ಮನೆ. ಸೀರೆ ತಂದಾಗಿತ್ತು. ಇವಳನ್ನು ಯಾರೂ ಕೇಳಿರಲಿಲ್ಲ.

"ನೀನು ಬೇಡ ಅಂತ ಹೇಳಿದ್ಯಾ?" ಎಂದು ಕೇಳಿದೆ.

"ಹೆಂಗೆ ಹೇಳೋದು ಮೇಡಂ? ನಾನಿನ್ನೂ ಮೈನರ್ರು. ನನ್ನ ಮಾತು ನಡೆಯಲ್ವಲ್ಲ."

ನನಗೆ ಬಂದ ಸಿಟ್ಟಿಗೆ ಟಿಕೆಟ್ ಮಷೀನು ಕೈಯಿಂದ ಜಾರಿತು. "ಲೇ ಹುಡುಗಿ, ಇಲ್ಲಿ ಕೇಳು. ಹೂಂ ಅನ್ನೋಕೆ ಹದಿನೆಂಟು ತುಂಬಬೇಕು. ಉಹೂಂ ಅನ್ನೋಕೆ ಯಾವ ವಯಸ್ಸೂ ಬೇಡ. ಮೂರು ವರ್ಷದ ಮಗು ಉಹೂಂ ಅಂದ್ರೂ ಅದು ಉಹೂಂ. ಮನೇಲಿ ನಿಂತು ಒಂದು ಮಾತು ಹೇಳೋಕಾಗದೆ ಈ ಹುಡುಗನ ಕುತ್ತಿಗೆಗೆ ಹಗ್ಗ ಹಾಕೋಕೆ ಹೊರಟಿದ್ಯಲ್ಲ ನೀನು!"

ಹುಡುಗಿ ಕಣ್ಣು ಒರೆಸಿಕೊಂಡು ಮನೋಹರನ ಕಡೆ ನೋಡಿದಳು. ಅವನಿಗೆ ಏನಾಗಬಹುದು ಎಂಬುದು ಅವಳ ತಲೆಗೆ ಆಗಷ್ಟೇ ಇಳಿದಿತ್ತು, ಮುಖವೇ ಹೇಳುತ್ತಿತ್ತು. "ವಾಪಸ್ ಹೋಗೋಣ ಅಜ್ಜಿ," ಎಂದಳು.

"ಅಂಗೆ ಬಾ ದಾರೀಗೆ," ಎಂದಳು ಹೊನ್ನಕ್ಕ. "ಇದ ಬೆಳಿಗ್ಗೆಯಿಂದ ಒಟ್ಟೆ ಒಳ್ಗೇ ಇಟ್ಕಂಡಿದ್ದೆ. ನಾನೇಳಿದ್ರೆ ನೀವು ಕೇಳ್ತಿರ್ನಿಲ್ಲ."

ಚನ್ನರಾಯಪಟ್ಟಣದಲ್ಲಿ ಇಳಿದು ಎದುರಿನ ಬಸ್ಸು ಹಿಡಿಯುವುದು ಎಂದು ತೀರ್ಮಾನವಾಯಿತು. ಮಹಿಳೆಯರ ಸೀಟು ಎಂಬ ನೆಪ ತೆಗೆದು ನಾನು ಮನೋಹರನನ್ನು ಎಬ್ಬಿಸಿ ಕೊನೆಯ ಸಾಲಿಗೆ ಅಟ್ಟಿದೆ. ಹೊನ್ನಕ್ಕ ಬ್ಯಾಗಿನಿಂದ ನಿಪ್ಪಟ್ಟು ತೆಗೆದು ಹಂಚಿದಳು. ಓಡಿಹೋದವರಿಗೆ ದಾರಿಯಲ್ಲಿ ಹಸಿವಾಗುತ್ತದೆ ಎಂದು ರಾತ್ರಿ ಕರಿದಿಟ್ಟಿದ್ದನ್ನೇ ಕಟ್ಟಿಕೊಂಡು ಬಂದಿದ್ದಳಂತೆ. ನಂಜಮ್ಮ ಎರಡು ತಿಂದಳು. ಅದೊಂದು ಹತ್ತು ನಿಮಿಷ ನಮ್ಮ ಬಸ್ಸು ಮದುವೆಮನೆಯ ಹಾಗೇ ಇತ್ತು, ಮದುವೆಯೊಂದಿಲ್ಲ ಅಷ್ಟೇ.

ಚನ್ನರಾಯಪಟ್ಟಣ ಇನ್ನೇನು ಬಂತು ಅನ್ನುವಷ್ಟರಲ್ಲಿ ಹಿಂದಿನಿಂದ ಒಂದು ಪಿಕಪ್ ಗಾಡಿ ಬಡಬಡ ಹಾರನ್ ಹೊಡೆಯುತ್ತಾ ಬಂತು. ತುಂಬ ತೆಂಗಿನಕಾಯಿ. ನಮ್ಮನ್ನು ದಾಟಿ ಮುಂದೆ ಹೋಗಿ ಅಡ್ಡಡ್ಡ ನಿಂತಿತು. ನಿಂತ ರಭಸಕ್ಕೆ ಹಿಂದಿನ ಬಾಗಿಲು ಕಳಚಿ ಕಾಯಿಗಳೆಲ್ಲ ದಬದಬ ಉರುಳಿ ರಸ್ತೆ ತುಂಬಾ ಓಡಿದವು. ಚಂದ್ರಮೌಳಿ ಬ್ರೇಕ್ ಹಾಕಿ, ಇಂಜಿನ್ ಆಫ್ ಮಾಡಿ, ಒಂದು ನಿಪ್ಪಟ್ಟು ಬಾಯಿಗೆ ಹಾಕಿಕೊಂಡ.

"ಅಪ್ಪ," ಎಂದಳು ಯಶಸ್ವಿನಿ, ದನಿಯೇ ಇಲ್ಲದ ದನಿಯಲ್ಲಿ.

ಪರಮೇಶ ಬಸ್ ಹತ್ತಿದ. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಫೋನು. ಒಂದು ಕಾಲಿನಲ್ಲಿ ತನ್ನ ಚಪ್ಪಲಿ, ಇನ್ನೊಂದು ಕಾಲಿನಲ್ಲಿ ಹೆಂಡತಿಯದು, ಮೇಲೆ ಚಿಟ್ಟೆಯ ಚಿತ್ರ ಇದ್ದದ್ದು. ಕೂಗಾಡಿಕೊಂಡೇ ಬರುತ್ತಾನೆ ಅಂದುಕೊಂಡಿದ್ದೆ. ಮಗಳನ್ನು ಕಂಡ ತಕ್ಷಣ ಅವನ ಬಾಯಿಂದ ಬಂದದ್ದು "ಪುಟ್ಟೀ" ಎಂಬ ಒಂದೇ ಮಾತು. ಕೂಗಾಟ ಆಮೇಲೆ ಶುರುವಾಯಿತು.

"ಎಲ್ಲವ್ನೆ ಅವ್ನು? ಯಾವನವ್ನು ನನ್ನ ಮಗಳನ್ನ ಹಾರಿಸ್ಕೊಂಡು ಬಂದೋನು? ಈ ಬಸ್ಸು ಹತ್ತಿದ್ದನ್ನ ಸ್ಟ್ಯಾಂಡಲ್ಲಿ ನೋಡಿದೋರು ಹೇಳವ್ರೆ. ಸ್ಟೇಷನ್ನಿಗೆ ಹೇಳಿ ಬಂದಿದೀನಿ!"

ಕೊನೆಯ ಸಾಲಿನಲ್ಲಿ ಮನೋಹರ ತಾನಾಗಿಯೇ ಎದ್ದು ನಿಂತ. "ನಾನೇ ಸಾ," ಎಂದ.

"ಕೂತ್ಕಳ್ಲಾ!" ಹೊನ್ನಕ್ಕ ಗದರಿದಳು. ಎದ್ದು ಪರಮೇಶನಿಗೆ ಎದುರಾಗಿ ನಿಂತಳು. "ಅವ್ನಲ್ಲ ಸಾವ್ಕಾರ್ರೇ, ನಾನು. ನಿಮ್ ಮಗೀನ ಕರ್ಕಂಬಂದೋಳು ನಾನು. ಕರ್ಕಂಬಂದಂಗೇ ವಾಪಸ್ ತಂದು ಒಪ್ಪಿಸ್ತಾ ಇವ್ನಿ. ಕೂದಲು ಕೊಂಕಿಲ್ಲ, ನೋಡ್ಕಳಿ."

ಪರಮೇಶ ಅವಳನ್ನು ದಾಟಿ ಹಿಂದಕ್ಕೆ ನುಗ್ಗಲು ನೋಡಿದ. ನಂಜಮ್ಮ ಕರಿಬೇವಿನ ಮಂಕರಿಯನ್ನು ನಿಧಾನವಾಗಿ ದಾರಿಗೆ ಸರಿಸಿದಳು. ಪಕ್ಕದವಳು ತನ್ನ ಚೀಲ ಇಟ್ಟಳು. ನೋಡುತ್ತಾ ನೋಡುತ್ತಾ ಅಷ್ಟೂ ಹೆಂಗಸರು ಎದ್ದು ದಾರಿಯಲ್ಲಿ ನಿಂತುಬಿಟ್ಟರು. ನಾನು ಟಿಕೆಟ್ ಮಷೀನು ಹಿಡಿದುಕೊಂಡು ಅವನ ಮುಂದೆ ಹೋದೆ.

"ಎಲ್ಲಿಗೆ ಸಾ?"

"ಏನು?"

"ಬಸ್ ಹತ್ತಿದ ಮೇಲೆ ಟಿಕೆಟ್ ತಗೋಬೇಕು. ಗಂಡಸ್ರಿಗೆ ಫ್ರೀ ಇಲ್ಲ."

ಅವನು ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿದ. ಹಣೆಯ ವಿಭೂತಿ ನೋಡಿದ. ದನಿ ತಗ್ಗಿಸಿ, "ನೀಲಾಂಬಿಕೆ. ನೀನು ನಮ್ಮೋಳೇ ಅಲ್ವೇನಮ್ಮ? ನಮ್ಮೋಳಾಗಿ ನೀನೇ ಹಿಂಗೆ ಅವರ ಪರ ನಿಂತ್ರೆ?" ಎಂದ.

"ಡ್ಯೂಟೀಲಿ ನಾನು ಯಾರೋಳೂ ಅಲ್ಲ ಸಾ. ನಿಮ್ಮ ಮಗಳು ಹತ್ತಿದಾಗಿನಿಂದ ಈ ಅಜ್ಜಿ ಪಕ್ಕ ಕೂತವಳೆ. ಹುಡುಗ ಒಂದು ಬೆರಳೂ ಸೋಕ್ಸಿಲ್ಲ. ಇಡೀ ಬಸ್ಸು ನೋಡಿದೆ. ಯಾರು ಕೇಳಿದ್ರೂ ನಾನು ಇಷ್ಟನ್ನೇ ಹೇಳೋದು."

ಆಗ ಯಶಸ್ವಿನಿ ಬಂದು ಅಪ್ಪನ ಮುಂದೆ ನಿಂತಳು. ಅವಳ ಕೈ ಹೊನ್ನಕ್ಕನ ಕೈಯೊಳಗಿತ್ತು. "ಅಪ್ಪ, ಅರಕಲಗೂಡಿನೋರು ಬರೋದು ಬೇಡ. ನಂಗೆ ಇಷ್ಟ ಇಲ್ಲ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಮಗಳು ನಿಲ್ಲಿಸಲಿಲ್ಲ. "ನಾನು ಈಗ ನಿಮ್ಮ ಜೊತೆ ಮನೆಗೆ ಬರ್ತೀನಿ. ಓದ್ತೀನಿ. ಅವನೂ ಓದ್ಲಿ. ಸೋಮವಾರ ಆದ್ಮೇಲೆ ನನ್ನ ಮಾತು ನಡೆಯುತ್ತೆ, ಆಗ್ಲೂ ಓಡಿಹೋಗಲ್ಲ, ನಿಮಗೆ ಹೇಳೇ ಏನಿದ್ರೂ ಮಾಡ್ತೀನಿ. ಆದ್ರೆ ಅವನ್ನ ಜೈಲಿಗೆ ಹಾಕ್ಸಬೇಡಿ. ಹಾಕ್ಸಿದ್ರೆ ನಾನು ಜೀವಮಾನದಲ್ಲಿ ನಿಮ್ಮ ಜೊತೆ ಮಾತಾಡಲ್ಲ ಅಪ್ಪ. ನಿಜವಾಗ್ಲೂ ಮಾತಾಡಲ್ಲ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಂಡಿಯ ಗಲಾಟೆಯಲ್ಲಿ ಕೇಳಿಸಲಿ ಎಂದು ಅವನು ಜೋರು ಇಟ್ಟಿದ್ದ ಫೋನು. ಸ್ಟೇಷನ್ನಿನವರ ದನಿ ಬಸ್ಸಿನ ಕೊನೆಯ ಸಾಲಿಗೂ ಕೇಳಿತು.

"ಪರಮೇಶೋರೇ, ಮಗಳು ಸಿಕ್ಕಿದ್ಲಾ? ಹದಿನೇಳು ಅಂದ್ರಲ್ಲ? ಯಾರ ಜೊತೆ ಇದ್ಲು ಹೇಳಿ, ಬರ್ಕೊಂಡು ಈಗ್ಲೇ ಗಾಡಿ ಕಳಿಸ್ತೀವಿ."

ಮನೋಹರ ಸೀಟಿನ ಕಂಬಿ ಹಿಡಿದು ನಿಂತಿದ್ದ. ನನಗೆ ಪ್ರಭುಲಿಂಗನ ಮುಖ ಕಣ್ಣ ಮುಂದೆ ಬಂತು. ಈ ಮನುಷ್ಯ ಒಂದು ಹೆಸರು ಹೇಳಿದರೆ ಮುಗಿಯಿತು. ಆಮೇಲೆ ನನ್ನ ಸಾಕ್ಷಿ, ಅಜ್ಜಿಯ ಸಾಕ್ಷಿ, ಹುಡುಗಿಯ ಅಳು ಎಲ್ಲಾ ಕೋರ್ಟಿನ ಕಟ್ಟೆಯ ಮೇಲೆ ವರ್ಷಗಟ್ಟಲೆ ಕಾಯುತ್ತಾ ಕೂರಬೇಕು.

ಪರಮೇಶ ಹುಡುಗನನ್ನು ನೋಡಿದ. ಮಗಳನ್ನು ನೋಡಿದ. ಮಗಳ ಕೈ ಹಿಡಿದಿದ್ದ, ಸೌದೆಯ ಸಿಗುರಿನಂಥ ಹೊನ್ನಕ್ಕನ ಒರಟು ಕೈಯನ್ನು ಬಹಳ ಹೊತ್ತು ನೋಡಿದ.

"ಹಲೋ? ಯಾರ ಜೊತೆ ಇದ್ಲು ಪರಮೇಶೋರೇ?"

"ಅಜ್ಜಿ ಜೊತೆ ಇದ್ಳು ಸಾ," ಎಂದ ಪರಮೇಶ.

"ಯಾವ ಅಜ್ಜಿ? ನಿಮ್ಮ ತಾಯಿ ಹೋದ ವರ್ಷ ತೀರ್ಕೊಂಡ್ರಲ್ವಾ?"

ಮಾತು ಹೊರಗೆ ಬರಲು ಕಷ್ಟಪಟ್ಟಿತು, ಆದರೆ ಬಂತು.

"ನಮ್ಮೋರೇ ಸಾ. ನಮ್ಮೋರೇ ಒಬ್ರು. ಮಗೂನ ಜೋಪಾನವಾಗಿ ನೋಡ್ಕೊಂಡವ್ರೆ. ಕಂಪ್ಲೇಂಟ್ ಏನೂ ಇಲ್ಲ ಸಾ, ಇಡಿ."

ಯಶಸ್ವಿನಿ ಅಪ್ಪನ ಎದೆಗೆ ತಲೆ ಇಟ್ಟು ಜೋರಾಗಿ ಅತ್ತಳು. ಹೆಂಗಸರು ಹೋ ಎಂದು ಕೂಗಿದರು, ನಂಜಮ್ಮ ಒಂದು ಹಿಡಿ ಕರಿಬೇವನ್ನು ಅಕ್ಷತೆಯ ಹಾಗೆ ಎಲ್ಲರ ತಲೆಯ ಮೇಲೆ ಎಸೆದಳು, ಚಂದ್ರಮೌಳಿ ಹಾರನ್ನಿನ ಮೇಲೆ ಇಟ್ಟ ಕೈ ತೆಗೆಯಲೇ ಇಲ್ಲ. ನಾನೂ ಏನೇನೋ ಕೂಗಿದೆ, ಏನೆಂದು ನೆನಪಿಲ್ಲ.

ಹೊನ್ನಕ್ಕ ಮಾತ್ರ ಕೂಗಲಿಲ್ಲ. ಬೆಳಗಿನಿಂದ ನಮ್ಮೆಲ್ಲರನ್ನೂ ನಗಿಸಿದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಸೀಟಿನ ಮೇಲೆ ಕುಸಿದಳು. ಆ ಊರಿನಲ್ಲೇ ಹುಟ್ಟಿ, ಅಲ್ಲೇ ಮುದುಕಿಯಾದವಳು. ಇದೇ ಪರಮೇಶನ ಅಪ್ಪನ ಕಾಲದಲ್ಲಿ ಅವರ ಮಂಡಿಯ ಹೊರಗೆ ಕೂತು ಕಾಯಿ ಸುಲಿದವಳು. ಊರಿನಲ್ಲಿ ಯಾರೂ ಅವಳನ್ನು ನಮ್ಮೋರು ಅಂದಿರಲಿಲ್ಲ.

"ಮನೋರಾ," ಎಂದು ಹಿಂದಕ್ಕೆ ತಿರುಗಿ ಕೂಗಿದಳು, ಅಳುತ್ತಲೇ. "ಲೇ ಮನೋರಾ, ಸಾವ್ಕಾರ್ರು ಏನಂದ್ರು ಕೇಳ್ದೇನ್ಲಾ?"

ಅವನಿಗೆ ಕೇಳಿತ್ತು. ಬಸ್ಸಿನಲ್ಲಿದ್ದ ಎಲ್ಲರಿಗೂ ಕೇಳಿತ್ತು.